ಎದುರಿನಿಂದ ಒಂದು, ಎಡದಿಂದ ಒಂದು

ಒಂದು ಕಟ್ಟಡಕ್ಕೆ ನಾಲ್ಕು ಫೋಟೋ.
ಎದುರು, ಎಡ, ಬಲ, ಹಿಂದೆ.
ಕ್ಯಾಮರಾ ಎದೆಯೆತ್ತರ. ಓರೆ ಹಿಡಿಯಬಾರದು.
ಆಕಾಶ ಜಾಸ್ತಿ ಬೇಡ, ಜನ ಬೇಡವೇ ಬೇಡ.
ಮೂಲೆಯಲ್ಲಿ ನಂಬರು ಬರೆದ ಸ್ಲೇಟು.
ಫೋಟೋವೊಂದಕ್ಕೆ ಹನ್ನೆರಡು ರೂಪಾಯಿ.
ಹೆದ್ದಾರಿ ಕಂಪೆನಿಯವನು ಕಾಗದ ಕೊಟ್ಟು
ಬೈಕು ತಿರುಗಿಸಿ ಹೋದ.
ಉಪ್ಪಳ ಪೇಟೆಯ ನೂರಾ ಹನ್ನೊಂದು ಕಟ್ಟಡ ನನ್ನ ಪಾಲಿಗೆ.

ನನಗೆ ನಿಲ್ಲುವುದನ್ನು ಕಲಿಸಿದವರು ಐತಪ್ಪಣ್ಣ.
ಅವರ ಸ್ಟುಡಿಯೋದಲ್ಲಿ ಏಳು ವರ್ಷ ಲೈಟು ಹಿಡಿದವಳು ನಾನು.
ಮಗುವಾದರೆ ನೆಲಕ್ಕೆ ಕೂರು, ಅನ್ನುವರು,
ನಿಂತು ತೆಗೆದರೆ ನೆತ್ತಿ ಬರುತ್ತದೆ, ಮಗು ಬರುವುದಿಲ್ಲ.
ಮದುಮಗ ಕುಳ್ಳನಾದರೆ ನೀನು ಇನ್ನೂ ಕುಳ್ಳಿಯಾಗು.
ಎಲೆಕ್ಷನ್ನಿಗೆ ನಿಂತವನನ್ನು ಗಲ್ಲದ ಕೆಳಗಿಂದ,
ಮೂಗಿನ ಹೊಳ್ಳೆ ಕಂಡರೂ ಪರವಾಗಿಲ್ಲ.
ಅವರು ಸ್ಟೂಲು ಹತ್ತಿದ್ದನ್ನು ಒಂದೇ ಸಲ ಕಂಡೆ,
ರೈಲು ಹಳಿಯ ಬದಿಯಲ್ಲಿ, ಪೊಲೀಸರು ಕರೆದಾಗ.
ಮೇಲಿನಿಂದ ತೆಗೆದದ್ದೆಲ್ಲ ಸ್ವಲ್ಪ ಹೆಣವೇ ಮಾರಾಯ್ತಿ,
ಅಂದು ಬೀಡಿ ಹಚ್ಚಿದ್ದರು.

ಕಂಪೆನಿಯ ಡ್ರೋನು ಮೊದಲೇ ಹಾರಿಹೋಗಿತ್ತು.
ಅದು ಕಂಡದ್ದನ್ನು ಆಫೀಸಿನ ಗೋಡೆಗೆ ಅಂಟಿಸಿದ್ದರು:
ಹಂಚು, ಶೀಟು, ಟರ್ಪಾಲು, ಕಪ್ಪು ನೀರಿನ ಟ್ಯಾಂಕಿ,
ಅವುಗಳ ಮೇಲೆ ಕೆಂಪು ಗೆರೆ, ಸ್ಕೇಲಿಟ್ಟು ಎಳೆದದ್ದು.
ಬೀಫಾತುಮ್ಮನ ಮನೆ ಯಾವುದೆಂದು ಬಹಳ ಹೊತ್ತು ಹುಡುಕಿದೆ.
ಮೇಲಿನಿಂದ ನೋಡಿದರೆ
ಯಾರ ಮನೆಗೂ ಬಾಗಿಲಿಲ್ಲ.

ನಲವತ್ತೇಳನೆಯದು ಮೊಯ್ದು ಕುಂಞಿಯ ಕೊಡೆ ರಿಪೇರಿ.
ಎಂಟಡಿ ಅಗಲ, ಮುರಕಲ್ಲಿನ ಗೋಡೆ.
ಸ್ಲೇಟು ಇಡುವಾಗ ಅವನೇ ಹೊರಗೆ ಬಂದು
ಕೆಳಗಿಂದ ತೆಗೆ ಮಗಳೇ, ದೊಡ್ಡದು ಕಾಣಲಿ, ಅಂದ.
ಅಳತೆ ಟೇಪಿನಲ್ಲಾಗಿದೆ ಕಾಕಾ, ಫೋಟೋದಲ್ಲಿ ಬೆಳೆಯುವುದಿಲ್ಲ.
ಟೇಪು ಅವರಿಗೆ, ಅಂದ. ಫೋಟೋ ನನಗೆ.

ಎದುರು ಆಯಿತು. ಎಡ ಆಯಿತು. ಹಿಂದೆ ಒಂದು ಕೋಳಿ,
ಅದನ್ನೂ ಓಡಿಸಿ ತೆಗೆದೆ.
ಬಲಗಡೆ ಮೆಡಿಕಲ್ ಶಾಪಿನ ಗೋಡೆ. ನಡುವೆ ಒಂದೂವರೆ ಅಡಿ ಸಂದು.
ಬೆನ್ನನ್ನು ಪಾಚಿಗೆ ಒತ್ತಿ ಒಳಗೆ ತೂರಿದರೆ
ಸುಣ್ಣದ ಮೇಲೆ ನೀಲಿಯಲ್ಲಿ ಕನ್ನಡ:
ಇಲ್ಲಿ ಕೊಡೆ ಕೆಲಸ ಮಾಡಲಾಗುವುದು.
ಗ್ಯಾರಂಟಿ ಒಂದು ಮಳೆಗಾಲ.
ಯಾರು ಬರೆದದ್ದು ಕಾಕಾ?
ಯಾರೋ ಮಂಜೇಶ್ವರದವ. ದುಡ್ಡು ತಗೊಂಡಿಲ್ಲ,
ಒಂದು ಕೊಡೆ ತಗೊಂಡು ಹೋದ, ಬೇರೆಯವರದ್ದು.

ನೇರ ಹಿಡಿದರೆ ಎರಡೇ ಅಕ್ಷರ ಬರುತ್ತದೆ.
ಕೆನ್ನೆಯನ್ನು ಗೋಡೆಗೆ ಹಚ್ಚಿ ಓರೆಯಾಗಿ ತೆಗೆದೆ.
ಹತ್ತಿರದ ‘ಇಲ್ಲಿ’ ಆನೆಯಷ್ಟಾಯಿತು,
ದೂರದ ಮಳೆಗಾಲ ಇರುವೆಯಷ್ಟು,
ಆದರೂ ಓದಬಹುದಿತ್ತು.

ಎಂಟು ದಿನ ಕಳೆದು ಮೆಸೇಜು:
ನಲವತ್ತೇಳು, ಬಲ, ಆಂಗಲ್ ಸರಿಯಿಲ್ಲ, ಪುನಃ ತೆಗೆಯಿರಿ.
ಹೋದೆ. ಗೋಡೆ ಇರಲಿಲ್ಲ.
ಗೋಡೆಯ ಮಾತು ಬಿಡಿ,
ನಾನು ನಿಂತ ಜಾಗವೇ ಇರಲಿಲ್ಲ.

ಈಗ ಅಲ್ಲಿ ಮೇಲ್ಸೇತುವೆ.
ಕಾಸರಗೋಡಿಗೆ ಹೋಗುವ ಬಸ್ಸಿನ ಕಿಟಕಿಯಿಂದ
ಉಪ್ಪಳವನ್ನು ನಾನೂ ಮೇಲಿನಿಂದಲೇ ನೋಡುತ್ತೇನೆ,
ನಲವತ್ತು ಸೆಕೆಂಡು, ಟಿಕೇಟು ಮಡಚುವುದರೊಳಗೆ.

ಮೊನ್ನೆ ಇಳಿದೆ. ಕಂಬದ ಬುಡದಲ್ಲಿ ಗೋಣಿ ಹಾಸಿ
ಮೊಯ್ದು ಕುಂಞಿ, ಸುತ್ತ ಕಡ್ಡಿ, ತಂತಿ, ಕಪ್ಪು ಬಟ್ಟೆ.
ಮಳೆಯೇ ಬೀಳದ ಜಾಗದಲ್ಲಿ ಕೊಡೆಯಂಗಡಿ, ನೋಡು, ಅಂದ.
ದೊಡ್ಡದಾಗಿ ತೆಗೆಯುತ್ತೇನೆಂದು ಮಂಡಿಯೂರಿದೆ.
ಐತಪ್ಪಣ್ಣ ಹೇಳಿದ್ದೆಲ್ಲ ಮಾಡಿದೆ,
ಕ್ಯಾಮರಾವನ್ನು ಗೋಣಿಗೇ ತಾಗಿಸಿದೆ.
ದೊಡ್ಡದಾದದ್ದು ಸೇತುವೆ.
ಅವನ ತಲೆಯ ಮೇಲೆ ಸಿಮೆಂಟಿನ ಹೊಟ್ಟೆ,
ಅವನು ಅದರಡಿ ಹಲ್ಲಿಗೆ ಸಿಕ್ಕಿದ ಅಕ್ಕಿಕಾಳು.

ಒಂದು ಕೊಡೆ ಬಿಡಿಸಿ ಹಿಡಿಯಿರಿ ಕಾಕಾ,
ಹೆಗಲ ಹಿಂದೆ ಅಲ್ಲ, ಇಲ್ಲಿ, ನನ್ನ ಹತ್ತಿರ.
ಬಿಡಿಸಿದ.
ಸೇತುವೆ ಇಡೀ ಮುಚ್ಚಿಹೋಯಿತು,
ಕಂಬ, ಲಾರಿ, ಮೇಲಿನ ನಲವತ್ತು ಸೆಕೆಂಡು.
ಕೊಡೆಯಂಚಿನ ಮೇಲೆ ಅವನ ಮುಖ, ಎಲೆಕ್ಷನ್ನಿನವನ ಹಾಗೆ.

ಒತ್ತುವಷ್ಟರಲ್ಲಿ ಕೊಡೆಯನ್ನು ತನ್ನ ಕಡೆ ತಿರುಗಿಸಿಕೊಂಡ.
ನಿಲ್ಲು, ಇದರದ್ದು ಒಂದು ಕಡ್ಡಿ ಲಡ್ಡಾಗಿದೆ,
ಸರಿ ಮಾಡಿದ ಮೇಲೆ ತೆಗೆ, ಅಂದು
ಬಾಯಲ್ಲಿ ತಂತಿ ಕಚ್ಚಿ ತಲೆ ಬಗ್ಗಿಸಿದ.
ಕ್ಯಾಮರಾ ಕಣ್ಣಿಗಿಟ್ಟುಕೊಂಡೇ ಕೂತಿದ್ದೇನೆ,
ಮೊಣಕಾಲು ನೋಯುತ್ತಿದೆ.