ಕೊಸರು

ಮತ್ತಿಕೆರೆ, ಔಷಧಿ ಅಂಗಡಿಯ ಮೇಲಿನ ಮಹಡಿ.
ಬಾಡಿಗೆ ಮತ್ತೆ ಏರಿದ ತಿಂಗಳು
ಲ್ಯಾಪ್‌ಟಾಪಿನ ಹುಡುಗ ಬಂದು ಲೆಕ್ಕ ಬಿಚ್ಚಿದ:
"ಬರೀ ಜ್ವರ, ನೆಗಡಿ ನಂಬಿದ್ರೆ ಬಾಗಿಲು ಮುಚ್ಚಬೇಕು, ಮೇಡಂ.
ನಿಮ್ಮ ಒಂದು ನಿಮಿಷಕ್ಕೆ ನಲವತ್ತೆರಡು ರೂಪಾಯಿ."

ಮಕ್ಕಳಿಗೆ ಚುಚ್ಚುತ್ತಿದ್ದ ಕೋಣೆಗೆ
ಕಂತಿನ ಮೇಲೆ ಲೇಸರ್ ಬಂತು.
ಎತ್ತರ ಅಳೆಯುವ ಗೋಡೆಯ ಜಿರಾಫೆಗೆ
ಕುತ್ತಿಗೆವರೆಗೂ ಬಿಳಿ ಸುಣ್ಣ.
ತಲೆ ಮಾತ್ರ ಉಳಿದಿದೆ,
ಪೇಂಟರ್ ಏಣಿ ತಂದಿರಲಿಲ್ಲ.
ಬೋರ್ಡಿಗೆ ಹೊಸ ಸಾಲು: ಕೂದಲು, ಕಲೆ, ತೂಕ, ಹೊಳಪಿನ ಡ್ರಿಪ್.

ಮೊದಲು ಮೆಟ್ಟಿಲೇರಿದವಳು ಹೂವಿನ ಪುಟ್ಟತಾಯಮ್ಮ.
"ಡ್ರಿಪ್ ಹಾಕ್ತೀರಂತಲ್ಲ, ನಂಗೂ ಒಂದು ಹಾಕ್ಬಿಡಿ.
ಹೊಳಪು ಗಿಳಪು ಬ್ಯಾಡ, ಸುಸ್ತು ಹೋದ್ರೆ ಸಾಕು."

ಮಣಿಕಟ್ಟು ಹಿಡಿದೆ.
ನಾಡಿ ಒಂದು ಬಡಿತ ತಪ್ಪಿಸಿತು, ಆಮೇಲೆ ಇನ್ನೊಂದು.
ಪೂರ್ತಿ ಎರಡು ನಿಮಿಷ ಎಣಿಸಿದೆ;
ಎಂಬತ್ತನಾಲ್ಕು, ಎಂದಿತು ತಲೆ ತನ್ನಷ್ಟಕ್ಕೆ.
ಇಸಿಜಿಗೆ ಚೀಟಿ ಬರೆದೆ, ಬೇರೆ ಕಡೆಗೆ.
ನಮ್ಮ ಯಂತ್ರ ಲೇಸರಿನ ಮುಂಗಡಕ್ಕೆ ಹೋಗಿತ್ತು.

ಏಳುವಾಗ ಬುಟ್ಟಿಯ ಒದ್ದೆ ಬಟ್ಟೆ ಸರಿಸಿ
ಕಾಕಡ ಎಳೆದು, ಮೊಳಕೈಯಿಂದ ಬೆರಳ ತುದಿಗೆ
ಅದೇ ಕೈಯಲ್ಲಿ ಅಳೆದಳು, ಒಂದು ಮೊಳ.
ಆಮೇಲೆ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು
ದಾರವನ್ನು ಹಲ್ಲಲ್ಲಿ ಕಚ್ಚಿ ಹರಿದಳು.