ಸಿದ್ದಾಪುರದ ಕರಿಹಲಗೆ

ಕುಂಞಾಲಿಯ ಗೊಬ್ಬರದಂಗಡಿಯ ಗೋಡೆಗೆ
ಯಾವುದೋ ಮುಚ್ಚಿದ ಶಾಲೆಯಿಂದ ಬಂದ ಕರಿಹಲಗೆ.
ಬೆಳಿಗ್ಗೆ ಎಂಟಕ್ಕೆ ಅಲ್ಲಿ ಜನ.
ಒಬ್ಬರ ಜೇಬಲ್ಲಿ ಚೀಟಿ, ಒಬ್ಬರ ಅಂಗೈಯಲ್ಲಿ ಪೆನ್ನಿನ ಗುರುತು,
ಬೊಳ್ಳಮ್ಮನವರಿಗೆ ಬಾಯಿಪಾಠ.
ತಂತಮ್ಮ ತೋಟದಲ್ಲಿ ರಾತ್ರಿ ಬಿದ್ದ ಮಳೆಯನ್ನು
ಇಂಚು ಸೆಂಟುಗಳಲ್ಲಿ ಬರೆದು
ಕೈ ಒರೆಸಿಕೊಂಡು ಚಹಾಕ್ಕೆ ಕೂರುತ್ತಾರೆ.

ನಾನು ಬಂದದ್ದು ಜನವರಿಯಲ್ಲಿ, ಸಿಂದಗಿಯಿಂದ,
ಅಂಚೆ ಕಚೇರಿಯ ಕೌಂಟರಿಗೆ ವರ್ಗವಾಗಿ.
ಮಳೆಯೇ ಇಲ್ಲದ ತಿಂಗಳು.
ಆದರೂ ಬರುತ್ತಾರೆ. ಆದರೂ ಬರೆಯುತ್ತಾರೆ,
ಪ್ರತಿ ಹೆಸರಿನ ಮುಂದೆ ಒಂದು ಸೊನ್ನೆ.
ಸುಣ್ಣದ ಕಡ್ಡಿ ಪುಕ್ಕಟೆ ಬರುತ್ತದೇನು ಇವರಿಗೆ, ಅಂದುಕೊಂಡೆ.

ಹನ್ನೊಂದು ದಿನ ರಸ್ತೆಯ ಈಚೆ ನಿಂತು ನೋಡಿದೆ.
ಸ್ಕೂಟರಿನ ಗಾಳಿಯ ನೆಪ, ಹೂವಿನವಳು ಬರುವ ನೆಪ.
ಯಾರನ್ನು ಯಾರು ಏನೆಂದು ಕರೆಯುತ್ತಾರೆ,
ಯಾವ ಮಾತಿಗೆ ನಗು, ಯಾವುದಕ್ಕೆ ಮೌನ,
ಎಲ್ಲ ಕಲಿತೆ, ಹೊಸ ಬಟವಾಡೆಯವ ಬೀದಿ ಕಲಿಯುವ ಹಾಗೆ.
ಹೋದ ಜುಲೈಯ ಮಾತು ಬಂದರೆ
ಪಳಂಗಪ್ಪ ತನ್ನ ಲೆಕ್ಕಕ್ಕೆ ಐದು ಸೆಂಟು ಸೇರಿಸಿಯೇ ಹೇಳುತ್ತಾನೆ.
ಎಲ್ಲರಿಗೂ ಗೊತ್ತು. ಯಾರೂ ತಿದ್ದುವುದಿಲ್ಲ.
ಮನಸ್ಸಿನಲ್ಲೇ ಐದು ಕಳೆದು
ಇನ್ನೊಂದು ಗುಟುಕು ಕುಡಿಯುತ್ತಾರೆ.

ಹನ್ನೆರಡನೆಯ ದಿನ ಬೊಳ್ಳಮ್ಮ ರಸ್ತೆ ದಾಟಿ ಬಂದರು.
"ಬಿಸಿಲಲ್ಲಿ ನಿಂತು ಏನು ಎಣಿಸ್ತೀಯ? ಬಾ ಒಳಗೆ."
"ನನಗೆ ತೋಟ ಇಲ್ರೀ."
"ಮಾಡು ಇದೆಯಲ್ಲ?"
ಮಾಡು ಎಂದರೆ ತಲೆಯ ಮೇಲಿನದು ಎಂದು ತಿಳಿಯಲು
ನನಗೆ ಅರೆಗಳಿಗೆ ಬೇಕಾಯಿತು.
"ಅದೈತ್ರೀ, ಬಾಡಿಗೇದು."
"ಮಳೆ ಬಾಡಿಗೆ ಕೇಳಲ್ಲ."

ಕುಂಞಾಲಿ ಬಾಟಲಿಯ ಕತ್ತು ಕೊಯ್ದು ಆಲಿಕೆ ಮಾಡಿದ.
ಎಲ್ಸಿ ಸಿಸ್ಟರು ಆಸ್ಪತ್ರೆಯಿಂದ ಅಳತೆಯ ಗಾಜು ತಂದರು.
ಹಲಗೆಯ ಬುಡದಲ್ಲಿ, ಗೋಡೆಯ ಪಾಚಿ ತಾಗುವಷ್ಟು ಕೆಳಗೆ,
ಇದ್ದ ಜಾಗದಲ್ಲೇ ಹಿಡಿಸಿ ಬರೆದರು:
ನೀಲಗಂಗಾ, ಪೋಸ್ಟಾಫೀಸು.

ನನ್ನ ಮೊದಲ ಸೊನ್ನೆ ಒಂದು ಕಡೆ ಚಪ್ಪಟೆಯಾಯಿತು.
"ಏನೂ ಬಿದ್ದಿಲ್ಲ ಅನ್ನೋದನ್ನೂ ಬರೀಬೇಕಾ?"
"ಖಾಲಿ ಬಿಟ್ಟರೆ," ಎಂದ ಕುಂಞಾಲಿ, ಯೂರಿಯಾ ತೂಗುತ್ತಲೇ,
"ಮಳೆ ಬರಲಿಲ್ಲವೋ, ನೀವು ಬರಲಿಲ್ಲವೋ,
ಹೇಗೆ ಗೊತ್ತಾಗಬೇಕು?"

ಆಮೇಲೆ ದಿನಗಳು.
ಕೃಷಿ ಓದಿದ ಹುಡುಗನೊಬ್ಬ ಮಿಲಿಮೀಟರೇ ಸರಿ ಎಂದು ಜಗಳ ತೆಗೆದ;
ಎರಡು ದಿನ ಚಹಾ ಬೇರೆ ಬೇರೆ ಬೆಂಚಲ್ಲಿ.
ಹೊನ್ನಪ್ಪ ಒಮ್ಮೆ ಅಂಕಿಯ ಜಾಗದಲ್ಲಿ "ಆನೆ" ಎಂದಷ್ಟೇ ಬರೆದ:
ಮಳೆಮಾಪಕ ತುಳಿದು ಹೋಗಿತ್ತಂತೆ.
ಮತ್ತೊಮ್ಮೆ ಅವನ ಸಾಲು ಮೂರು ದಿನ ಖಾಲಿ.
ನಾಲ್ಕನೆಯ ದಿನ ಯಾರೂ ಚಹಾಕ್ಕೆ ಕೂರಲಿಲ್ಲ,
ಒಂದೇ ಜೀಪಿನಲ್ಲಿ ಒಂಬತ್ತು ಜನ ಹೋದೆವು.
ಜ್ವರ. ಗಂಜಿ ಬೇಯಿಸಿಟ್ಟು ಬಂದೆವು.
ಹಲಗೆಯಲ್ಲಿ ಅವನ ಮೂರು ಸೊನ್ನೆ ಬೊಳ್ಳಮ್ಮ ತುಂಬಿದರು.

ಮಾರ್ಚಿಯ ಒಂದು ರಾತ್ರಿ
ಊರಿಗೆಲ್ಲ ಬೇಕಾದ ಹೂಮಳೆ
ದಾರಿ ತಪ್ಪಿದ ಪತ್ರದಂತೆ
ಅಂಚೆ ಕಚೇರಿಯ ಮೇಲೆ ಮಾತ್ರ ಸುರಿಯಿತು.
ನನ್ನ ಮಾಡಿನಲ್ಲಿ ಅರಳುವುದಕ್ಕೆ ಒಂದು ಮೊಗ್ಗೂ ಇಲ್ಲ.
ಬೆಳಿಗ್ಗೆ ಹಲಗೆಯ ತುಂಬ ಸೊನ್ನೆ,
ಸುಣ್ಣದ ಕಡ್ಡಿ ನನ್ನ ಕೈಗೆ ಬರುವ ತನಕ.
ನಾಚಿಕೆಯಿಂದ, ಕದ್ದವಳ ಹಾಗೆ, ಬರೆದೆ:
ಹದಿನೇಳು ಸೆಂಟು.

ಯಾರೂ ಮಾತಾಡಲಿಲ್ಲ.
ಪಳಂಗಪ್ಪ ಕನ್ನಡಕ ಏರಿಸಿ, ಹಲಗೆಗೆ ಮೂಗು ತಾಗಿಸಿ ನೋಡಿ,
ತಿರುಗಿ ಕೇಳಿದ, ಬಹಳ ಗಂಭೀರವಾಗಿ:
"ಇದರಲ್ಲಿ ಐದು ಕಳೆಯಬೇಕಾ, ಪೋಸ್ಟಮ್ಮ?"

ಹಾಗಾದರೆ ಇಷ್ಟು ವರ್ಷ ಅವನಿಗೂ ಗೊತ್ತಿತ್ತು.
ಬೊಳ್ಳಮ್ಮನವರ ಬಾಯಿಂದ ಚಹಾ ಚಿಮ್ಮಿ
ನನ್ನ ಹದಿನೇಳರ ಏಳು ಅಳಿಸಿಹೋಯಿತು.