ಹತ್ತೊಂಬತ್ತು ಗ್ರಾಂ

ಮೊದಲು ಇಲಿ ಅಂದುಕೊಂಡೆ. ಆದರೆ ಇಲಿ
ಡಬ್ಬಿಯ ಮುಚ್ಚಳ ತಿರುಗಿಸಿ ಹಾಕುವುದಿಲ್ಲ,
ಚಮಚ ತೊಳೆದು ಬೋರಲು ಇಡುವುದಿಲ್ಲ.
ವಾರಕ್ಕೊಂದು ಡಬ್ಬಿ ಸೋಡಾ ಸಾಕಾಗುತ್ತಿತ್ತು
ಮೋಯ್ ನದಿಯ ದಂಡೆಯ ನನ್ನ ಸಣ್ಣ ಬೇಕರಿಗೆ;
ಈ ಚಳಿಗಾಲ ಬುಧವಾರಕ್ಕೇ ತಳ ಕಂಡಿತು.
ಗುರುವಾರದ ಬ್ರೆಡ್ಡು ಏಳಲೊಲ್ಲೆನೆಂದು
ತಟ್ಟೆಯಲ್ಲಿ ಕೂತಿತ್ತು, ಇಟ್ಟಿಗೆಯ ಹಾಗೆ.

ಕಳ್ಳ ಸಿಕ್ಕಿದ್ದು ರಾತ್ರಿ ಹನ್ನೊಂದಕ್ಕೆ:
ಅಕ್ಕನ ಮಗ ಫಿಯಕ್ರ. ಸೀಮೆಜೀರಿಗೆ ತೂಗುವ
ಪುಟ್ಟ ತಕ್ಕಡಿಯ ಮೇಲೆ ಉಸಿರು ಬಿಗಿಹಿಡಿದು
ಬಿಳಿ ಪುಡಿ ಉದುರಿಸುತ್ತಿದ್ದ.
"ಮೈತೂಕ ಅರವತ್ತನಾಲ್ಕು, ಚಿಕ್ಕಮ್ಮ.
ಕಿಲೋಗೆ ಪಾಯಿಂಟ್ ಮೂರು. ಹತ್ತೊಂಬತ್ತು ಗ್ರಾಂ.
ಮೇಲಿನ ಚೂರು ಲೆಕ್ಕಕ್ಕಿಲ್ಲ."
ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದ ಹುಡುಗ!

ಎಂಟುನೂರು ಮೀಟರ್ ಅವನದು.
ಓಟವಲ್ಲ ಅದು, ಕೈಗಡವಂತೆ:
ಮೊದಲ ಆರುನೂರು ಧಾರಾಳ ಸಿಗುತ್ತದೆ,
ಕೊನೆಯ ಇನ್ನೂರರಲ್ಲಿ ಕಾಲು ಹಿಡಿದು ಕೇಳುತ್ತಾರೆ.
ತೊಡೆಯೊಳಗೆ ಹುಳಿ ಏರುತ್ತದೆ, ಮೊಣಕಾಲು ಕಲ್ಲು.
ರಕ್ತದಲ್ಲಿ ಸೋಡಾ ಇದ್ದರೆ ಆ ಹುಳಿಯನ್ನು
ಹೊರಗೆ ಕರೆದು, ಜಗುಲಿಯಲ್ಲಿ ಕೂರಿಸಿ
ಮಾತಾಡಿಸುತ್ತದಂತೆ. ಒಂದು ಸೆಕೆಂಡು,
ಅದಕ್ಕೂ ಕಡಿಮೆ. "ಅಷ್ಟೇ ಬೇಕಾದ್ದು.
ನಿನ್ನ ಮಜ್ಜಿಗೆಗೆ ಸೋಡಾ ಮಾಡುವುದೂ ಅದೇ ತಾನೆ?"
ಅದೇ. ಆದರೆ ಹಿಟ್ಟು ಉಬ್ಬುತ್ತದಲ್ಲ ಮಗು,
ಹೊಟ್ಟೆ ಏನು ಮಾಡುತ್ತದೆ?
ಅವನು ಉತ್ತರ ಕೊಡಲಿಲ್ಲ.

ಉತ್ತರ ಶನಿವಾರ ಸಿಕ್ಕಿತು,
ಟ್ರ್ಯಾಕಿನ ಪಕ್ಕದ ಪ್ಲಾಸ್ಟಿಕ್ ಪಾಯಿಖಾನೆಯಲ್ಲಿ.
ನೀರಲ್ಲಿ ಕಲಕಿ ಅಷ್ಟನ್ನೂ ಒಮ್ಮೆಲೇ ಕುಡಿದಿದ್ದ.
ಅವನ ಹೆಸರು ಕೂಗಿದರು, ಎರಡು ಸಲ, ಮೂರು ಸಲ.
ಪಿಸ್ತೂಲು ಸಿಡಿಯಿತು. ಒಳಗಿಂದ
ಚಿಲಕ ಮಾತ್ರ ಅಲುಗಿತು.
ಚಿಕ್ಕಮ್ಮಂದಿರು ನಗಬಾರದು. ನಕ್ಕೆ.

ಆಮೇಲೆ ನಗು ಎಲ್ಲೋ ಸಿಕ್ಕಿಹಾಕಿಕೊಂಡಿತು.
ಇದೇ ಬಗೆಯ ಡಬ್ಬಿ. ಇದೇ ಚಮಚ. ಕೋಲ್ಮನ್
ನಡುರಾತ್ರಿ ಬರಿಗಾಲಲ್ಲಿ ಎದ್ದು ಬರುತ್ತಿದ್ದ,
ಲೋಟದ ನೀರಿಗೆ ಅರ್ಧ ಚಮಚ,
ಗಾಜಿಗೆ ಉಕ್ಕು ಬಡಿಯುವ ಕಿಣಿಕಿಣಿ,
ಕೊನೆಗೊಂದು ದೊಡ್ಡ ತೇಗು. "ಎದೆಯುರಿ ಕಣೇ, ಮಲಗು."
ಎರಡು ವರ್ಷ ಮಲಗಿದೆ ಆ ಮಾತನ್ನೇ ದಿಂಬು ಮಾಡಿ.
ಸ್ಲೈಗೊದಲ್ಲಿ ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದಾಗ
ಅದು ಬರೀ ಉರಿಯಾಗಿರಲಿಲ್ಲ.
ಸೋಡಾ ಸುಳ್ಳು ಹೇಳಿರಲಿಲ್ಲ.
ಹುಳಿಯ ಬಗ್ಗೆ ಮಾತ್ರ ಕೇಳಿದ್ದೆವು,
ಹುಳಿಯ ಬಗ್ಗೆ ಮಾತ್ರ ಅದು ಹೇಳಿತು.

ಇದನ್ನು ಫಿಯಕ್ರನಿಗೆ ಹೇಳಲಿಲ್ಲ.
ಔಷಧದಂಗಡಿಯಿಂದ ಖಾಲಿ ಕ್ಯಾಪ್ಸೂಲ್ ತಂದೆ.
ಮೇಜಿಗೆ ಎದುರುಬದುರು ಕೂತು ತುಂಬಿದೆವು,
ಅವನ ಬೆರಳು ಒರಟು, ನನ್ನವು ಹಿಟ್ಟಿನಲ್ಲಿ ಪಳಗಿದವು.
ಒಂದೇ ಸಲಕ್ಕೆ ಬೇಡ. ಮೂರು ಗಂಟೆ ಮೊದಲೇ ಶುರುಮಾಡು,
ನಾಲ್ಕು ಪಾಲು, ನಡುವೆ ಬ್ರೆಡ್ಡು, ಜಾಮು, ಬೇಕಷ್ಟು ನೀರು.
ಕೊಡುವ ಕೈಗೆ ಅವಸರ ಆಗದು.
ಮುಂದಿನ ಶನಿವಾರ ಅಭ್ಯಾಸ ಮಾಡಿದ. ಪಾಯಿಖಾನೆ ಮೌನ.

ಅತ್‌ಲೋನ್. ಸೂರಿನಡಿಯ ಟ್ರ್ಯಾಕು, ನಾಲ್ಕು ಸುತ್ತು.
ಎಲ್ಲರೂ ಕಾಲು ನೋಡುತ್ತಿದ್ದರು, ನಾನು
ಅವನ ಹೊಟ್ಟೆಯನ್ನು.
ಕೊನೆಯ ತಿರುವಿನಲ್ಲಿ ಏಳು ಮುಖ, ಏಳೂ
ಹುಣಸೆಕಾಯಿ ಕಚ್ಚಿದ ಮುಖ. ಅವನದೂ ಸೇರಿ.
ನಾಲ್ಕನೆಯವನಾಗಿ ಬಂದ,
ತನ್ನ ಹಳೆಯ ಓಟಕ್ಕಿಂತ
ಅರ್ಧ ಸೆಕೆಂಡು ಮುಂದೆ.
ಸೋಡಾವೋ, ಬ್ರೆಡ್ಡೋ, ಪಕ್ಕದ ಲೇನಿನವನ ಮೇಲಿನ ಸಿಟ್ಟೋ,
ಯಾರು ತೂಗಿದ್ದಾರೆ?

ನೆಲಕ್ಕೆ ಬಿದ್ದು ಏದುಸಿರು ಬಿಡುತ್ತಿದ್ದವ
ನನ್ನನ್ನು ಕಂಡು ನಕ್ಕ, ಮತ್ತೆ
ಗ್ಯಾಲರಿಗೆಲ್ಲ ಕೇಳುವಂತೆ ತೇಗಿದ.
ಆ ಸದ್ದಿನ ಗುರುತಿದೆ ನನಗೆ.
ಕೋಟು ಹೊದಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು,
ಎಲ್ಲಿ ಉರಿಯುತ್ತಿದೆ, ಕೈಯಿಟ್ಟು ತೋರಿಸು ಎಂದೆ.
ತೊಡೆ ತೋರಿಸಿದ.
ಇನ್ನೊಮ್ಮೆ ಕೇಳಿದೆ.
ಮತ್ತೆ ತೊಡೆ.